ಜೀನಿನ ಜಾಡು

ಬೈಕು ನಿಲ್ಲಿಸುವ ಮೊದಲೇ ಶಗ್ದರ್ ಬೈಯಲು ಶುರು ಮಾಡಿದ್ದ.

"ಹೊರಗೆ ಬಾರೋ ಕಳ್ಳ! ನನ್ನ ಕುದುರೆ ಜೀನು ಎಲ್ಲಿಟ್ಟಿದೀಯ?"

ದಮ್ದಿನ್ ಗುಡಾರದ ಬಾಗಿಲಿಗೆ ಬಂದು ಕೈ ಒರೆಸಿಕೊಂಡ. ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು. ಚೀನಾ ಬೈಕು ಇಟ್ಟುಕೊಂಡವನ ಕೈ ಯಾವತ್ತು ನೆಟ್ಟಗಿರುತ್ತದೆ?

ಶಗ್ದರನ ಹಿಂದೆ ಕಣಿವೆಯ ಐದಾರು ಮಂದಿ ಬಂದಿದ್ದರು. ಅವರಲ್ಲೊಬ್ಬನ ಬೈಕಿನಿಂದ ತನ್ನ ಮಂಡಿಯನ್ನು ಶಪಿಸುತ್ತ ಇಳಿದವಳು ಖೊರ್ಲೋ ಅಜ್ಜಿ. ತಪ್ಪಿಸಿಕೊಂಡ ಕುದುರೆ, ತೋಳ ಎಳೆದೊಯ್ದ ಕುರಿ, ಮನೆ ಬಿಟ್ಟುಹೋದ ಗಂಡ, ಎಲ್ಲವನ್ನೂ ನೆಲದ ಜಾಡು ನೋಡಿಯೇ ಹುಡುಕಿಕೊಟ್ಟವಳು. ಆಕೆ ಹೇಳಿದ ಮೇಲೆ ಮರುಮಾತಿಲ್ಲ.

ಬೆಳ್ಳಿ ಕಟ್ಟಿದ ಆ ಜೀನು ಮೊದಲು ದಮ್ದಿನನ ಅಪ್ಪನದಾಗಿತ್ತು. ಮುದುಕನಿಗೆ ಕಂಠಪೂರ್ತಿ ಕುಡಿಸಿ, ಬಾಜಿ ಕಟ್ಟಿಸಿ, ಶಗ್ದರ್ ಅದನ್ನು ಹೊಡೆದುಕೊಂಡಿದ್ದ. ಅಪ್ಪ ಆಮೇಲೆ ಸಾಯುವವರೆಗೂ ಕುದುರೆ ಹತ್ತಲಿಲ್ಲ. ಹಾಗಾಗಿ, ಮೊನ್ನೆ ಎಲ್ಲರೂ ಮದುವೆಗೆ ಹೋಗಿದ್ದಾಗ ಜೀನು ಕಾಣೆಯಾದದ್ದೇ ತಡ, ಬೆರಳುಗಳೆಲ್ಲ ಮಗನ ಕಡೆಗೇ ತಿರುಗಿದವು.

ಗೋಬಿಯ ಅಂಚಿನ ಈ ಕಣಿವೆಯಲ್ಲಿ ಕಳ್ಳನಿಗೆ ಚಳಿಗಾಲದಲ್ಲಿ ಕುರಿ ಕೂಡಲು ಜಾಗ ಕೊಡುವುದಿಲ್ಲ. ದಮ್ದಿನನ ದೊಡ್ಡಿಯೋ, ಗಾಳಿಗೆ ಒಳ್ಳೆಯ ಮರೆ. ಅದು ಕೈತಪ್ಪಿದರೆ ಮೊದಲ ಹಿಮಗಾಳಿಗೇ ಅವನ ಕುರಿಗಳೆಲ್ಲ ಸಾಯುತ್ತವೆ. ಶಗ್ದರನಿಗೆ ಅದರ ಮೇಲೆ ಮೊದಲಿನಿಂದಲೂ ಕಣ್ಣು.

ಅವನು ಕಣ್ಣು ಹಾಕದ ವಸ್ತುವಾದರೂ ಯಾವುದು? ದಮ್ದಿನ್ ಮಣ್ಣಿಗೂ ಡಾಂಬರಿಗೂ ಆಗುವಂಥ ಅಗ್ಗದ ಬೈಕು ತಂದ. ಬಂದಾಗ ಅದರ ಅರ್ಧ ಬೋಲ್ಟುಗಳು ಸಡಿಲ. ಒಂದೊಂದನ್ನೂ ಬಿಚ್ಚಿ ಬಿಗಿದ, ಚೈನು ಬದಲಿಸಿದ, ಸ್ಪ್ರಿಂಗು ಗಟ್ಟಿಯದು ಹಾಕಿದ, ಕೊನೆಗೆ ದಪ್ಪ ಹಲ್ಲಿನ ಟೈರು ಏರಿಸಿದ. ಶಗ್ದರ್ ಅದೇ ಬೈಕು, ಅದೇ ಟೈರು ತಂದ. ಕಣಿವೆಯಲ್ಲಿ ಅಂಥ ಟೈರಿನ ಬೈಕು ಎರಡೇ.

"ಅಷ್ಟೆಲ್ಲ ಬಿಚ್ಚಿ ಕಟ್ಟಿ ಏನ್ ಬಂತು?" ಶಗ್ದರ್ ಎಲ್ಲರಿಗೂ ಕೇಳುವಂತೆ ಹೇಳಿದ. "ಬೆಳಿಗ್ಗೆ ಬಾವಿ ಹತ್ರ ಮರಳಲ್ಲಿ ಜಾರಿ ಬಿದ್ನಂತೆ, ಮಗು ಥರ!"

ಮಂದಿ ನಕ್ಕರು. ದಮ್ದಿನ್ ನಗಲಿಲ್ಲ.

"ಮೊದಲು ಚಾ," ಎಂದಳು ಅಜ್ಜಿ. ಒಳಹೋಗುವಾಗ ದಮ್ದಿನನ ಬೈಕಿನ ಹಿಂದಿನ ಚಕ್ರಕ್ಕೆ ಕೈಯೂರಿ ಸ್ವಲ್ಪ ಹೊತ್ತು ನಿಂತಳು. ಮಂಡಿ ಹಿಡಿದುಕೊಂಡಿರಬೇಕು. ಆಮೇಲೆ ಗುಡಾರದೊಳಗೆ, ಬಾಗಿಲಿಗೆ ಎದುರಿನ ಹಿರಿಯರ ಜಾಗದಲ್ಲಿ, ಮಡಚಿಟ್ಟ ಉಣ್ಣೆಗಂಬಳಿಗಳ ಮೇಲೆ ಕೂತಳು.

"ಚಾಗೆ ಉಪ್ಪು ಸಾಲ್ದು," ಆ ಸೀಮೆಯ ಉಪ್ಪುಚಾ ಹೀರುತ್ತ ಗೊಣಗಿದಳು. "ಕಂಬಳಿ ಕಲ್ಲಿದ್ದಂಗಿದೆ. ಮನೇಲಿ ಹೆಣ್ಣಿಲ್ದಿದ್ರೆ ಇದೇ ಗತಿ."

"ಹಳೇ ಕಂಬಳಿ ಅಜ್ಜಿ," ಎಂದ ದಮ್ದಿನ್.

ಶಗ್ದರ್ ಪೆಟ್ಟಿಗೆ ಕೆದಕಿದ, ಮಂಚದಡಿ ತೂರಿದ, ಹಿಟ್ಟಿನ ಚೀಲಕ್ಕೂ ಕೈ ಹಾಕಿದ. ಅಜ್ಜಿ ಕೂತಲ್ಲಿಂದ ಕದಲದೆ ಬಟ್ಟಲಿನ ಮೇಲೆ ಬಟ್ಟಲು ಚಾ ಹೀರಿದಳು.

"ಮುಗೀತೇನೋ? ಇನ್ನು ನೆಲ ನೋಡೋಣ ನಡಿ."

ಎರಡು ದೊಡ್ಡಿಗಳ ನಡುವೆ ಎರಡೇ ದಾರಿ. ಮೇಲಿನದು ಕಲ್ಲುದಿಣ್ಣೆ. ಅಲ್ಲಿ ಗುರುತು ಮೂಡುವುದಿಲ್ಲ. ಬರಿ ಬೈಕು ಹೇಗೋ ದಾಟೀತು, ಹೊರೆ ಕಟ್ಟಿದ್ದು ಅರ್ಧದಲ್ಲೇ ಉರುಳುತ್ತದೆ. ಕೆಳಗಿನದು ಕೆಸರಿನ ಬಯಲು. ಮದುವೆಯ ಹಿಂದಿನ ದಿನ ಮಳೆ ಬಂದಿತ್ತು. ಈಗ ಮೇಲ್ಪದರ ಒಣಗಿ ಗಟ್ಟಿಯಾಗಿತ್ತು, ಹೊಸ ಗುರುತು ಮೂಡುತ್ತಿರಲಿಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ಒಂದು ಬೈಕಿನ ಜಾಡು.

"ನೋಡಿ!" ಶಗ್ದರ್ ಕುಣಿದಾಡಿದ. "ನನ್ನ ಮನೆಯಿಂದ ನೆಟ್ಟಗೆ ಇವನ ಮನೆಗೇ ಬಂದಿದೆ!"

ಅಜ್ಜಿ ಬಾಗಿ ನೋಡಿದಳು. ಆಮೇಲೆ ಶಗ್ದರನ ಬೈಕನ್ನು ಪಕ್ಕದ ಸಡಿಲ ಮರಳಿನಲ್ಲಿ ನಾಲ್ಕು ಹೆಜ್ಜೆ ತಳ್ಳಿಸಿದಳು.

"ಈ ಟೈರಿನ ಹಲ್ಲು ಬಾಣದ ಥರ. ಬೈಕು ಹೋದ ಕಡೆಗೇ ಬಾಣದ ಮೂತಿ. ಈಗ ಹಳೇ ಜಾಡು ನೋಡು. ಮೂತಿ ಎತ್ತ ಕಡೆಗಿದೆ?"

ಎಲ್ಲರೂ ಬಗ್ಗಿದರು. ಮೂತಿ ಶಗ್ದರನ ಮನೆಯ ಕಡೆಗಿತ್ತು.

"ಈ ಬೈಕು ಹೋಗಿರೋದು ನಿನ್ನ ಮನೆಗೆ. ವಾಪಸು ಬಂದ ಗುರುತು ಎಲ್ಲಿ?"

"ಬರೋವಾಗ ದಿಣ್ಣೆ ಹತ್ತಿ ಬಂದಿರ್ತಾನೆ!"

"ಜೀನು ಕಟ್ಕೊಂಡಾ? ನೀನೊಂದ್ಸಲ ಹತ್ತಿ ತೋರ್ಸಪ್ಪ."

ಗುಂಪಿನಲ್ಲಿ ಒಬ್ಬ ಕೆಮ್ಮಿದ. "ಅಲ್ವೋ ಶಗ್ದರ್, ಅಂಥ ಟೈರು ಇನ್ನೊಂದಿರೋದು ನಿಂದೇ ತಾನೆ? ಮದುವೇಲಿ ಊಟದ ಹೊತ್ತಿಗೆ ನೀನೆಲ್ಲಿ ಮಾಯ ಆಗಿದ್ದೆ?"

"ಕುಡ್ದು ಮಲಗಿದ್ದೆ!"

"ಎಲ್ಲಿ?"

ಶಗ್ದರ್ ತಲೆ ಕೆರೆದುಕೊಂಡ. ಪಾಪ, ಅವನಿಗೇ ನೆನಪಿರಲಿಲ್ಲ.

"ಥೂ! ತನ್ನ ಜೀನು ತಾನೇ ಬಚ್ಚಿಟ್ಟು, ಪಕ್ಕದವನ ದೊಡ್ಡಿ ನುಂಗೋಕೆ ಹೊರಟಿದ್ದಾನೆ," ಎಂದು ಇನ್ನೊಬ್ಬ ಉಗಿದ. ಸ್ವಲ್ಪ ಹೊತ್ತಿನ ಮುಂಚೆ ದಮ್ದಿನನನ್ನು ನೋಡಿ ನಕ್ಕವರೇ ಈಗ ಶಗ್ದರನ ಮುಖಕ್ಕೆ ಮಂಗಳಾರತಿ ಎತ್ತಿದರು. ಅವನು ಬೈಕು ಹತ್ತಿ, ತಲೆ ತಗ್ಗಿಸಿಕೊಂಡು ಹೋದ. ಉಳಿದವರೂ ಚದುರಿದರು.

ದಮ್ದಿನನಿಗೆ ಹೋದ ಜೀವ ಬಂದಂತಾಗಿತ್ತು. ಬೈಕು ತಂದು ಆಕೆಯ ಮುಂದೆ ನಿಲ್ಲಿಸಿದ.

"ಹತ್ತಿ ಅಜ್ಜಿ, ಮನೆಗೆ ಬಿಟ್ಟು ಬರ್ತೀನಿ."

"ಇದರ ಮೇಲಾ? ಮೊದ್ಲು ಆ ಹಿಂದಿನ ಟೈರು ಬಿಚ್ಚಿ ನೆಟ್ಟಗೆ ತಿರುಗ್ಸಿ ಹಾಕು, ಇಲ್ದಿದ್ರೆ ಮತ್ತೆ ಮರಳಲ್ಲಿ ಬೀಳ್ತೀಯ," ಎಂದಳು ಖೊರ್ಲೋ ಅಜ್ಜಿ ಸೊಂಟ ನೀವಿಕೊಳ್ಳುತ್ತ. "ಆಮೇಲೆ ಕಂಬಳಿ ಒಳಗಿರೋ ನಿಮ್ಮಪ್ಪನ ಜೀನಿಗೆ ಒಂಚೂರು ಎಣ್ಣೆ ಹಚ್ಚು. ಅಷ್ಟು ಹೊತ್ತು ಅದರ ಮೇಲೆ ಕೂತು ನನ್ನ ಸೊಂಟ ಬಿದ್ದೋಯ್ತು."