ಕಾರ್ಡ್‌ಲೆಸ್ಸಿನ ಉಸಿರು

"ಬಂದ್ರೇನ್ರೀ?" ಎಂದು ಪಕ್ಕದ ಮನೆಯ ಚನ್ನಬಸಮ್ಮ ಫೋನಿನಲ್ಲಿ ಮೆಲ್ಲಗೆ ಕೇಳಿದಾಗ, ಕದ್ದು ಕೇಳುತ್ತಿದ್ದ ಗಂಗಾಶ್ರೀ ಬೆಚ್ಚಿದಳು. ಚನ್ನಬಸಮ್ಮ ನಂಬರು ಒತ್ತಿದ ಸದ್ದೇ ಕೇಳಿರಲಿಲ್ಲ. ಅಷ್ಟು ಸಲಿಗೆಯಿಂದ ಆಕೆ ಮಾತಾಡಿಸುತ್ತಿದ್ದುದು ಗಂಡ ಮಹೇಶ್ವರಪ್ಪನವರನ್ನು ಮಾತ್ರ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು.

ತೊಂಬತ್ತೆಂಟರಲ್ಲಿ ಆನವಟ್ಟಿಯ ಆ ಎರಡೂ ಮನೆಯವರು ಒಂದೇ ಅಂಗಡಿಯಿಂದ ಕಾರ್ಡ್‌ಲೆಸ್ ಫೋನ್ ತಂದಿದ್ದರು. ಒಂದರ ಮಾತು ಇನ್ನೊಂದರಲ್ಲಿ ಕೇಳಿಸುತ್ತದೆಂದು ಗೊತ್ತಾದ ಮೇಲೆ ಗಂಗಾಶ್ರೀ ಮಧ್ಯಾಹ್ನ ಚನ್ನಬಸಮ್ಮನ ಜಗಲಿಗೆ ಹೋಗಿ ಹರಟುವುದನ್ನೇ ಬಿಟ್ಟಿದ್ದಳು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಫೋನನ್ನು ಕಿವಿಗಿಟ್ಟುಕೊಂಡರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ತನ್ನ ಉಸಿರು ಆಚೆಗೂ ಕೇಳಿಸಬಹುದೆಂದು ಆಕೆಗೆ ಹೊಳೆದಿರಲೇ ಇಲ್ಲ.

"ದಿನಾ ನಿಮ್ಮ ಉಸಿರು ಕೇಳ್ತೀನಿ. ನೀವೇ ಅಂತ ಗೊತ್ತು," ಎಂದರು ಚನ್ನಬಸಮ್ಮ. "ಮಗಳ ಹತ್ರ ಹೇಳಿದ್ರೆ ನಂಗೆ ತಲೆ ಕೆಟ್ಟಿದೆ ಅಂತಾಳೆ. ಒಂದ್ಸಲ ಹ್ಞೂಂ ಅನ್ರೀ, ಸಾಕು."

ಆಚೆ ಕೇಳಿಸಿದ್ದು ತನ್ನದೇ ಉಸಿರೆಂದು ಗಂಗಾಶ್ರೀಗೆ ಈಗ ತಿಳಿಯಿತು. 'ನಾನು ಗಂಗಾ ಕಣ್ರೀ' ಎಂದು ಹೇಳಿಬಿಡಬೇಕೆನ್ನಿಸಿತು. ಆದರೆ ಕದ್ದು ಕೇಳಿದ ನಾಚಿಕೆ ತಡೆಯಿತು. ಉಸಿರೂ ಹೊರಬೀಳದಂತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

"ಹ್ಞೂಂ" ಎಂದಿತು ಫೋನು.

ಗಂಡಸಿನ ದನಿ, ಆಗಷ್ಟೇ ನಿದ್ದೆಯಿಂದ ಎದ್ದವರದ್ದರಂತೆ ಭಾರವಾಗಿತ್ತು. ಹಿಂದೆಯೇ ಒಂದು ಸಣ್ಣ ಕೆಮ್ಮು. ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿದ್ದ ಆ ಕೆಮ್ಮಿನ ಗುರುತು ಗಂಗಾಶ್ರೀಗೆ ತಟ್ಟನೆ ಹತ್ತಿತು.

ಚನ್ನಬಸಮ್ಮ ಒಂದಿಷ್ಟೂ ಬೆದರದೆ ಕೇಳಿದರು, "ಊಟ ಆಯ್ತೇನ್ರೀ?"