ಬಲಗಡೆಯ ಕುರ್ಚಿ

"ಅಕ್ಕಾ, ನಿಮ್ಮ ವಾಲಮ್ಮ ಫೇಲು," ಎನ್ನುತ್ತಾ ಕಲಾ ವಿಭಾಗದ ಮುಖ್ಯಸ್ಥ ಅವಳ ಮೇಜಿಗೆ ಒರಗಿ ನಿಂತ. ಅವನಿಗೆ ಇನ್ನೂ ಮೂವತ್ತು ದಾಟಿಲ್ಲ. ಅವಳು ಐವತ್ತರ ಹತ್ತಿರ. ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ.

ವಾಲಮ್ಮ ಎಂದರೆ ಅವಳು ರೂಪಿಸಿದ ಬಾಹ್ಯಾಕಾಶ ನೌಕೆ. ಅವರು ಮಾಡುತ್ತಿದ್ದ ವಿಡಿಯೊ ಗೇಮಿನಲ್ಲಿ ಮೂರು ಕುಲಗಳು, ಒಂದೊಂದಕ್ಕೂ ಒಂದೊಂದು ಬಗೆಯ ನೌಕೆ. ಸೈನಿಕರದು ಚೂಪು, ವ್ಯಾಪಾರಿಗಳದು ಗುಂಡು. ನೆಲೆಯಿಲ್ಲದ ಅಲೆಮಾರಿಗಳ ನೌಕೆ ಅವಳ ಪಾಲಿಗೆ ಬಂದಿತ್ತು. ಅವಳು ಅದನ್ನು ಎಡಕ್ಕೆ ವಾಲಿಸಿದ್ದಳು. ಎಡಗಡೆ ಒಂದು ಕಿಟಕಿ, ಒಂದು ಒಲೆ, ಮೊಳೆಗೆ ನೇತುಹಾಕಿದ ಒಂದು ಲೋಟ, ನಡೆಸುವವಳಿಗೆ ಒಂದು ಕುರ್ಚಿ. ಬಲಗಡೆ ಬರೀ ತಗಡಿನ ಗೋಡೆ. ನೌಕೆಯ ಕಪ್ಪು ನೆರಳನ್ನಷ್ಟೇ ಆಫೀಸಿನ ಗೋಡೆಗೆ ಅಂಟಿಸಿದರೆ, ದೂರದಿಂದ ನೋಡಿದವರು ಅದು ಯಾವ ಕುಲದ್ದೆಂದು ಹೇಳಬೇಕು. ಅದು ಅಲ್ಲಿನ ಪರೀಕ್ಷೆ. ಟೀ ಕುಡಿಯಲು ಹೊರಟಿದ್ದವರೂ ಒಮ್ಮೆ ತಿರುಗಿ ನೋಡಿ, "ಇನ್ಯಾರು, ವಾಲಮ್ಮ!" ಎಂದಿದ್ದರು.

"ನೆರಳಿನ ಪರೀಕ್ಷೆ ಪಾಸಾಗಿತ್ತಲ್ಲಪ್ಪ?"

"ಅದಾಯ್ತು. ಆದ್ರೆ ಆಡಿ ನೋಡೋಕೆ ಅಂತ ಕರೆಸಿದ್ವಲ್ಲ, ಅವರೆಲ್ಲ ಶಿಪ್ಪು ಅರ್ಧ ಲೋಡೇ ಆಗಿಲ್ಲ ಅಂತಿದಾರೆ. ಒಬ್ಬನಂತೂ ಗೇಮ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ಮಿಕ್ಕಿದ್ದು ಬರುತ್ತೆ ಅಂತ ಕಾಯ್ತಾ ಕೂತಿದ್ನಂತೆ."

"ಮಿಕ್ಕಿದ್ದು ಏನೂ ಇಲ್ಲ. ಅದಿರೋದೇ ಅಷ್ಟು. ಒಬ್ಬಳಿಗೆ ಎಷ್ಟು ಬೇಕೋ ಅಷ್ಟು."

"ನಿಮಗೆ ಗೊತ್ತು, ನನಗೂ ಗೊತ್ತು. ಆಡೋರ ಮನೆಗೆಲ್ಲ ಹೋಗಿ ಹೇಳೋಕಾಗುತ್ತಾ? ಸಂಜೆಯೊಳಗೆ ಮಿರರ್ ಹಾಕ್ಬಿಡಿ ಅಕ್ಕಾ, ಒಂದು ಕ್ಲಿಕ್ಕು. ಎಡಗಡೇದೇ ಬಲಗಡೆ ಬಂದು ಕೂತ್ಕೊಳ್ಳುತ್ತೆ. ಇಲ್ಲಾಂದ್ರೆ ಅಲೆಮಾರಿಗಳನ್ನೇ ಗೇಮಿಂದ ಎತ್ತಿಬಿಡಿ ಅಂತ ಮೇಲಿನೋರು ಹೇಳಿದಾರೆ."

ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ತಂಗಿಯ ಫೋನು.

"ಏನಕ್ಕ, ನಿನ್ನ ಹಾರೋ ಪಾತ್ರೆ ಹಾರ್ತಾ?"

"ಅರ್ಧ ಇದೆಯಂತೆ ಕಣೇ."

"ನಿನ್ನ ಮನೆ ಥರಾನೇ ಮಾಡಿರ್ತೀಯ ಬಿಡು. ಹೋದ್ಸಲ ಮಂಚದ ತುದೀಲಿ ಕೂತು, ತಟ್ಟೆ ತೊಡೆ ಮೇಲಿಟ್ಕೊಂಡು ತಿಂದಿದ್ದು ನಾನಿನ್ನೂ ಮರ್ತಿಲ್ಲ. ಇನ್ನೊಂದು ಕುರ್ಚಿ ತಗೊಳ್ಳೇ ತಾಯಿ."

"ನೀನು ಬರೋದು ವರ್ಷಕ್ಕೊಂದ್ಸಲ. ಮಿಕ್ಕ ದಿನ ಅದರ ಧೂಳು ಯಾರು ಒರೆಸ್ತಾರೆ?"

ಇಬ್ಬರೂ ನಕ್ಕರು. ಅವಳ ನಗೆಯಲ್ಲಿ ಕೊಂಕಿರಲಿಲ್ಲ. ಮದುವೆಯ ಮಾತನ್ನು ಮನೆಯವರು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಒಂದು ಕುರ್ಚಿಯ ಆ ಮನೆ ಒಗೆದೊಗೆದು ಮೆತ್ತಗಾದ ಬಟ್ಟೆಯ ಹಾಗೆ ಅವಳ ಮೈಗೆ ಒಗ್ಗಿತ್ತು. ಯಾರಾದರೂ "ಒಬ್ಬಳೇ ಇರೋಕೆ ಬೇಜಾರಾಗಲ್ವಾ?" ಎಂದರೆ, ಏನು ಕೇಳುತ್ತಿದ್ದಾರೆಂದು ಅವಳು ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಸಂಜೆಯವರೆಗೂ ತಡೆದಳು. ಬಣ್ಣ ತಿದ್ದಿದಳು, ತಗಡಿಗೆ ಎರಡು ತೇಪೆ ಹಚ್ಚಿದಳು. ಹಾಗಾದರೂ ಅದು ಪೂರ್ತಿಯಾಗಿ ಕಂಡೀತೇ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಕೊನೆಗೆ ಆ ಒಂದು ಕ್ಲಿಕ್ ಮಾಡಿದಳು. ಬಲಭಾಗ ಸದ್ದಿಲ್ಲದೆ ಬಂದು ಕೂತಿತು. ಹೊರಗಿನಿಂದ ನೌಕೆ ಅಚ್ಚುಕಟ್ಟಾಗಿತ್ತು. ಯಾರ ನೌಕೆ ಎಂದು ಮಾತ್ರ ಹೇಳುವಂತಿರಲಿಲ್ಲ.

ಪರದೆಯಲ್ಲೇ ನೌಕೆಯ ಒಳಗೆ ಹೋಗಿ ನೋಡಿದಳು. ಎರಡು ಕಿಟಕಿ, ಎರಡು ಒಲೆ. ಮೊಳೆಗೆ ಒಂದರಂತೆ ಎರಡು ಲೋಟ. ಅವಳ ಕುರ್ಚಿಗೆ ಬೆನ್ನು ಹಾಕಿ, ಬಲಗಡೆಯ ಕಿಟಕಿಗೆ ಮುಖ ಮಾಡಿ, ಅದೇ ಸವೆದ ಕೈಗಳ ಇನ್ನೊಂದು ಕುರ್ಚಿ. ಇಷ್ಟು ದಿನ ಒಂದೇ ಇದ್ದಾಗ ನೌಕೆ ತುಂಬಿದಂತಿತ್ತು. ಈಗ, ಬರಬೇಕಾದವರು ಯಾರೋ ಬಂದೇ ಇಲ್ಲ ಎಂಬಂತಿತ್ತು.

ಅವಳು ಬಲಗಡೆಯ ಕುರ್ಚಿಯ ಮೇಲೆ ಮೌಸ್ ಒತ್ತಿದಳು. ಅದು ಕೈಗೆ ಸಿಗಲಿಲ್ಲ. ಮತ್ತೊಮ್ಮೆ ಒತ್ತಿದಳು.

ಮುಖ್ಯಸ್ಥ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟವನು ಪರದೆ ನೋಡಿ ನಿಂತ. "ನೋಡಿ, ಈಗ ಎಷ್ಟು ಲಕ್ಷಣವಾಗಿದೆ! ಹೊರಡಲ್ವಾ ಅಕ್ಕಾ?"

"ಈ ಕುರ್ಚಿಯೊಂದು ತೆಗೀಬೇಕಿತ್ತು."

"ಬಲಗಡೇದಾ? ಅದನ್ನ ಮುಟ್ಟೋಕಾಗಲ್ಲ ಅಕ್ಕಾ. ಅದು ನಿಜವಾಗಿ ಅಲ್ಲಿಲ್ಲ, ನಿಮ್ಮದರ ಪ್ರತಿಬಿಂಬ ಅಷ್ಟೇ. ಬೇಡ ಅಂದ್ರೆ ನಿಮ್ಮದನ್ನೂ ಅಳಿಸ್ಬೇಕು."

"ಗೊತ್ತು."

"ಬಿಡಿ, ಅಷ್ಟು ಒಳಗೆ ಯಾರು ಬಂದು ನೋಡ್ತಾರೆ?" ಎಂದು ಅವನು ಹೋದ.

ಅಳಿಸುವ ಗುಂಡಿಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬೆರಳು ತೆಗೆದಳು. ನೌಕೆಯೊಳಗಿನ ತನ್ನ ಎಡಗಡೆಯ ಕುರ್ಚಿಯನ್ನು ಹಿಡಿದು, ನಿಧಾನವಾಗಿ, ಕಿಟಕಿಯ ಕಡೆಯಿಂದ ಒಳಕ್ಕೆ ತಿರುಗಿಸಿದಳು.

ಅಲ್ಲಿಲ್ಲದ ಆ ಕುರ್ಚಿಯೂ ಅಷ್ಟೇ ನಿಧಾನವಾಗಿ ಅವಳ ಕಡೆಗೆ ತಿರುಗಿತು.