ಕಂಪ್ಯೂಟರಿನ ಅಂಗಿ

'ದಯವಿಟ್ಟು ನನ್ನ' ಎನ್ನುವಷ್ಟು ಮೂಡಿತ್ತು, ಪರದೆ ಮತ್ತೆ ಕಪ್ಪಾಯಿತು. ಕಂಪ್ಯೂಟರು ಗುರ್ ಎಂದು ತಾನಾಗಿಯೇ ಮೊದಲಿನಿಂದ ಶುರುವಾಯಿತು.

"ನೋಡ್ದೇನೋ! ವಾರದಿಂದ ಇದೇ ಗೋಳು. ನಿನ್ನ ಭಾವ ನಾಲ್ಕಕ್ಷರ ಒತ್ತೋದ್ರೊಳಗೆ ಇದರ ಪ್ರಾಣ ಹೋಗುತ್ತೆ," ಎಂದು ಟೈಲರಮ್ಮ ತಮ್ಮನ ಮುಂದೆ ತಲೆ ಚಚ್ಚಿಕೊಂಡಳು.

ಪಾರ್ಶ್ವವಾಯು ಹೊಡೆದು ಅವಳ ಗಂಡನಿಗೆ ಮಾತೂ ಹೋಗಿತ್ತು, ಬಲಗೈಯೂ ಹೋಗಿತ್ತು. ಎಡಗೈಯ ಒಂದು ಬೆರಳಿನಿಂದ ಟೈಪ್ ಮಾಡುವುದನ್ನು ಈಚೆಗಷ್ಟೇ ಕಲಿತಿದ್ದರು. ಮಾತು ಇದ್ದಾಗಲಾದರೂ ಆ ಮನುಷ್ಯ ಹೆಂಡತಿಗೆ ದಯವಿಟ್ಟು ಅಂದವರೇ? ಎಲ್ಲಿ ಬಂತು! 'ಏಯ್, ನೀರು', 'ಏಯ್, ಚಪ್ಪಲಿ', ಮದುವೆಯಾದಂದಿನಿಂದ ಅಷ್ಟೇ. ಅದಕ್ಕೇ ಆ ಎರಡು ಪದ ಕಂಡಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದಯವಿಟ್ಟು ನನ್ನ ಕ್ಷಮಿಸು. ಇನ್ನೇನಿದ್ದೀತು? ಆ ಒಂದು ಮಾತು ಪೂರ್ತಿ ಮೂಡಿಬಿಟ್ಟರೆ ಸಾಕಿತ್ತು ಅವಳಿಗೆ.

ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮ ಪ್ಲಗ್ ಬದಲಿಸಿದ, ವೈರು ಅಲ್ಲಾಡಿಸಿದ, ವೈರಸ್ ಹುಡುಕಲು ಹೋದ. ಹುಡುಕಾಟ ಮುಗಿಯುವ ಮೊದಲೇ ಅದು ಮತ್ತೆ ಗುರ್ ಎಂದಿತು. ಕೊನೆಗೆ ಮೇಜಿನ ಕೆಳಗೆ ತೂರಿ ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದವನು, "ಅಬ್ಬಾ!" ಎಂದು ಕೈ ಹಿಂದೆಗೆದ. "ಕಾದ ಇಸ್ತ್ರಿಪೆಟ್ಟಿಗೆ ಆಗಿದೆಯಲ್ಲೇ ಅಕ್ಕಾ! ಇದೇನಿದು, ಕಂಪ್ಯೂಟರಿಗೆ ಅಂಗಿ?"

"ನಾನೇ ಹೊಲಿದಿದ್ದು. ಮನೆ ತುಂಬ ದಾರ, ಬಟ್ಟೆ ಧೂಳು. ಕೆಟ್ಟುಹೋದ್ರೆ ಅವರ ಮಾತೇ ಹೋಗುತ್ತಲ್ಲ. ಇದು ಕೆಡ್ತಾ ಇದೆ ಅಂತ ಮೊನ್ನೆ ಒಳಗೆ ಇನ್ನೊಂದು ಪದರ ಅಸ್ತರು ಕೊಟ್ಟೆ."

ಅಚ್ಚುಕಟ್ಟಾದ ಅಂಗಿ. ಅಳತೆ ತೆಗೆದು ಹೊಲಿದದ್ದು, ಬೆನ್ನಿಗೆ ನಾಲ್ಕು ಗುಂಡಿ, ವೈರು ಹೊರಬರಲು ಕಾಜಾ. ತಮ್ಮ ಅದನ್ನು ಬಿಚ್ಚಿ, ಪೆಟ್ಟಿಗೆ ತೆರೆದು, ಫ್ಯಾನಿಗೆ ಸುತ್ತಿಕೊಂಡಿದ್ದ ನೂಲಿನ ಉಂಡೆಯನ್ನು ಎಳೆದು ಹಾಕಿದ.

"ಇದಕ್ಕೆ ಗಾಳಿ ಬೇಕು ಕಣೇ. ಬೆಚ್ಚಗೆ ಹೊದಿಸಿಟ್ರೆ ಬಿಸಿಯಾಗಿ ಆರಿ ಆರಿ ಹತ್ತುತ್ತೆ. ಇನ್ಮೇಲೆ ಈ ಅಂಗಿ ಹಾಕ್ಬೇಡ, ಆಯ್ತಾ?"

"ಆಯ್ತಪ್ಪ, ಮಹರಾಯ. ಈಗ ನಡೆಯುತ್ತಾ?"

ನಡೆಯಿತು. ಗಂಡನ ಕುರ್ಚಿಯನ್ನು ಅವಳೇ ಮೇಜಿನ ಹತ್ತಿರಕ್ಕೆ ತಳ್ಳಿದಳು. ಸ್ವೆಟರು ಸರಿಮಾಡಿದಳು, ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿದಳು. ಬೆರಳು ತಡವರಿಸುತ್ತ ಒಂದೊಂದೇ ಅಕ್ಷರ ಹುಡುಕಿತು. ಪರದೆ ಈ ಸಲ ಕಪ್ಪಾಗಲಿಲ್ಲ. ಅವಳಿಗೆ ಆಗಲೇ ಕಣ್ಣು ತುಂಬಿತ್ತು, ಅಕ್ಷರ ಕಾಣದೆ, "ಓದೋ, ಏನಂತ ಓದೋ," ಎಂದು ತಮ್ಮನ ತೋಳು ಹಿಡಿದಳು.

ತಮ್ಮ ಓದಿದ. "ದಯವಿಟ್ಟು ನನ್ನ ಕೋಣೆ ಕಿಟಕಿ ತೆಗಿ. ಉಸಿರು ಕಟ್ಟುತ್ತೆ."

ಕಿಟಕಿಯ ಸಂದುಸಂದಿಗೂ ಅವಳೇ ಬಟ್ಟೆಯ ಚಿಂದಿ ತುರುಕಿದ್ದಳು. ತಮ್ಮ ಅತ್ತ ನೋಡಿ, ಅಕ್ಕನನ್ನು ನೋಡಿ, ಏನೋ ಹೇಳಹೊರಟ.

"ನೀನು ಸುಮ್ನಿರು," ಎಂದಳು ಅವಳು. "ಹೋದ ಸಲ ಇವರಿಗೆ ಥಂಡಿ ಹತ್ತಿ ಎದೆ ಕಟ್ಟಿದಾಗ ಆಸ್ಪತ್ರೇಲಿ ಕೂತು ಕಾದವಳು ನಾನು. ನೀನಲ್ಲ."

ತಮ್ಮ ಪೆಚ್ಚಾಗಿ ಸ್ಕ್ರೂಡ್ರೈವರು ಎತ್ತಿಕೊಂಡು ಹೊರಟುಹೋದ. ಅವಳಿಗೆ ದುಃಖ ಒತ್ತರಿಸಿಕೊಂಡು ಬಂತು. ಹಗಲು ರಾತ್ರಿ ಎನ್ನದೆ ಜೀವ ತೇಯ್ದವಳ ಹತ್ತಿರ ಉಸಿರು ಕಟ್ಟುತ್ತದಂತೆ! ಪರದೆಯ ಮೇಲೆ ಮತ್ತೆ 'ದಯವಿಟ್ಟು' ಮೂಡುತ್ತಿತ್ತು.

"ಸಾಕು ರೀ, ಸುಸ್ತಾಗುತ್ತೆ ನಿಮಗೆ," ಎಂದು ಮೆಲ್ಲಗೆ ಹೇಳಿ ಸ್ವಿಚ್ಚು ಆರಿಸಿದಳು. ನೆಲದ ಮೇಲಿದ್ದ ಅಂಗಿಯನ್ನು ಕೊಡವಿ, ಪೆಟ್ಟಿಗೆಗೆ ತೊಡಿಸಿ, ಬಗ್ಗಿ ಕೂತು ನಾಲ್ಕೂ ಗುಂಡಿ ಹಾಕಿದಳು.

ಮೇಜಿನ ಮೇಲೆ, ಕಪ್ಪು ಪರದೆಯ ಮುಂದೆ, ಆ ಒಂದು ಬೆರಳು ಇನ್ನೂ ಅಕ್ಷರ ಒತ್ತುತ್ತಲೇ ಇತ್ತು.